ಆಷಾಢದಲ್ಲೂ ಬಾಗಿಲು ತೆರೆಯುವ ಅಡುಗೆಮನೆ

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. ಅದರ ಆಗ್ನೇಯಕ್ಕೆ ಹೊಸ ಅಡುಗೆಮನೆ ಸೇರಿಸುತ್ತಿದ್ದೇವೆ. ಪಾಯ ಮುಗಿದಿದೆ, ಜಂಬಿಟ್ಟಿಗೆ ಕಲ್ಲಿನ ಗೋಡೆ ಇನ್ನು ಏಳಬೇಕು. ಒಳ ಅಳತೆ ಪೂರ್ವ-ಪಶ್ಚಿಮ 12 ಅಡಿ, ಉತ್ತರ-ದಕ್ಷಿಣ 9 ಅಡಿ. ಪೂರ್ವ ಗೋಡೆಯ ನಡುವೆ 4 ಅಡಿ ಕಿಟಕಿ, ದಕ್ಷಿಣಕ್ಕೆ 3 ಅಡಿ ಕಿಟಕಿ, ಅದೇ ದಕ್ಷಿಣ ಗೋಡೆಯ ಪಶ್ಚಿಮ ತುದಿಗೆ ಹಿತ್ತಲ ಬಾಗಿಲು, ಪಶ್ಚಿಮ ಗೋಡೆಯ ನಡುವೆ ಒಳಬಾಗಿಲು. ಮಾಡ್ಯುಲರ್ ಕಿಚನ್‌ನವರು ಪೂರ್ವ, ದಕ್ಷಿಣ, ಉತ್ತರ ಮೂರೂ ಗೋಡೆಗೆ ಕಟ್ಟೆ ಹಾಕಿ ನಕ್ಷೆ ಕೊಟ್ಟಿದ್ದಾರೆ. ಗ್ಯಾಸ್ ಒಲೆ ಪೂರ್ವದ ಕಿಟಕಿ ಕೆಳಗೆ, ಫ್ರಿಜ್ ವಾಯವ್ಯ ಮೂಲೆಗೆ ಒತ್ತಿದಂತೆ ಇದೆ. ಅತ್ತೆಯವರಿಗೆ ಅಡುಗೆ ಆಗ್ನೇಯದಲ್ಲೇ ಆಗಬೇಕು, ಸೌದೆ ಒಲೆಯೂ ಬೇಕು. ಪಕ್ಕದ ಮನೆಯಲ್ಲಿ ಎರಡೇ ಮಳೆಗಾಲಕ್ಕೆ ಪ್ಲೈವುಡ್ ಉಬ್ಬಿ ಕಪಾಟಿನ ಬಾಗಿಲು ತೆರೆಯಲು ಬರುತ್ತಿಲ್ಲ. ನಮಗೆ ಹಾಗಾಗಬಾರದು. ಏನು ಮಾಡಬೇಕು? ನನ್ನ ಎತ್ತರ 5 ಅಡಿ 1 ಇಂಚು.

ಉತ್ತರ: ಗೋಡೆ ಏಳುವ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಇವತ್ತು ಕಿಟಕಿಯನ್ನು ಎರಡಡಿ ಆಚೆಗೆ ಸರಿಸಲು ಮೇಸ್ತ್ರಿಗೆ ಒಂದು ಮಾತು ಹೇಳಿದರೆ ಸಾಕು. ಆರು ತಿಂಗಳ ನಂತರ ಅದೇ ಕೆಲಸಕ್ಕೆ ಗೋಡೆ ಒಡೆಯಬೇಕಾಗುತ್ತದೆ.

ನಿಮಗೆ ಕೊಟ್ಟ ನಕ್ಷೆಯಲ್ಲಿ ಎಲ್ಲವೂ ಮುಚ್ಚಿಕೊಂಡಿದೆ. ಕಪಾಟು, ಡ್ರಾಯರ್, ಫ್ರಿಜ್, ಕಿಟಕಿ, ಹಿತ್ತಲ ಬಾಗಿಲು ಯಾವುದೂ ತೆರೆದಿಲ್ಲ. ಅಡುಗೆಮನೆಯ ಜಗಳಗಳೆಲ್ಲ ಹುಟ್ಟುವುದು ಅವು ತೆರೆದಾಗ. ಆದ್ದರಿಂದ ಮೊದಲ ಕೆಲಸ ಇದು: ಪಾಯದ ಮೇಲೆ ಅಥವಾ ಅಂಗಳದಲ್ಲಿ ಸುಣ್ಣದ ಪುಡಿಯಿಂದ 12 ಅಡಿಗೆ 9 ಅಡಿಯ ಚೌಕ ಎಳೆಯಿರಿ. ಕಟ್ಟೆಗಳನ್ನು 24 ಇಂಚು ಅಗಲಕ್ಕೆ ಗುರುತು ಮಾಡಿ. ಬಾಗಿಲುಗಳ ಕೀಲು ಬರುವ ಕಡೆ ಗೂಟ ನೆಟ್ಟು, ಬಾಗಿಲಿನ ಅಗಲದಷ್ಟು ಹಗ್ಗ ಕಟ್ಟಿ ಕಮಾನು ತಿರುಗಿಸಿ. ಡ್ರಾಯರ್ ಪೂರ್ತಿ ಎಳೆದರೆ ಕಟ್ಟೆಯಿಂದ 20 ಇಂಚು ಹೊರಗೆ ಬರುತ್ತದೆ, ಅದರ ಮುಂದೆ ಬಗ್ಗಿ ನಿಲ್ಲಲು ಇನ್ನೂ 20 ಇಂಚು ಬೇಕು. ಅಷ್ಟಾದ ಮೇಲೆ ಅತ್ತೆಯವರೂ ನೀವೂ ಒಳಗೆ ನಿಂತು ಅಕ್ಕಿ ತೊಳೆದು, ಒಗ್ಗರಣೆ ಹಾಕಿ, ಫ್ರಿಜ್ ತೆರೆದ ಹಾಗೆ ಓಡಾಡಿ ನೋಡಿ. ಎಲ್ಲಿ ಒಬ್ಬರಿಗೊಬ್ಬರು ಅಡ್ಡ ಬರುತ್ತೀರೆಂದು ಕಾಲು ಗಂಟೆಯಲ್ಲಿ ತಿಳಿಯುತ್ತದೆ.

ಮೂರು ಗೋಡೆಗೂ ಕಟ್ಟೆ ಹಾಕಿದರೆ ನಡುವೆ 5 ಅಡಿ ಉಳಿಯುತ್ತದೆ. ಎದುರುಬದುರು ಕಟ್ಟೆಗಳ ನಡುವೆ ಒಬ್ಬರಿಗೆ 42 ಇಂಚು, ಇಬ್ಬರಿಗೆ 48 ಇಂಚು ಸಾಕು, ಹಾಗಾಗಿ ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ನಾನು ಅದನ್ನು ಬೇಡವೆನ್ನುತ್ತೇನೆ. ಮೊದಲನೆಯದಾಗಿ ಎರಡು ಮೂಲೆಗಳಲ್ಲಿ 24 ಇಂಚು ಚೌಕದಷ್ಟು ಜಾಗ ಕೈಗೆಟುಕದೆ ಸಾಯುತ್ತದೆ. ಎರಡನೆಯದು, ನಮ್ಮ ಕಡೆಯ ಅಡುಗೆ ಪೂರ್ತಿ ನಿಂತು ಮಾಡುವುದಲ್ಲ. ಈಳಿಗೆಮಣೆ ಹಾಕಿ ಸೌತೆಕಾಯಿ ಹೆಚ್ಚಲು, ಪತ್ರೊಡೆಗೆ ಕೆಸುವಿನೆಲೆ ಹರಡಿ ಹಿಟ್ಟು ಹಚ್ಚಲು, ಹಲಸಿನಕಾಯಿ ಬಿಡಿಸಲು ನೆಲ ಬೇಕು. ಪೂರ್ವ ಮತ್ತು ದಕ್ಷಿಣಕ್ಕೆ ಮಾತ್ರ 24 ಇಂಚಿನ ಕಟ್ಟೆ ಇಡಿ. ಉತ್ತರ ಗೋಡೆಗೆ 16 ಇಂಚು ಆಳದ ಡಬ್ಬಿ ಕಪಾಟು ಸಾಕು. ಆಗ ನಡುವೆ 68 ಇಂಚು ನೆಲ ಸಿಗುತ್ತದೆ. 16 ಇಂಚಿನ ಕಪಾಟಿನಲ್ಲಿ ಡಬ್ಬಿಗಳು ಒಂದರ ಹಿಂದೆ ಒಂದು ಅಡಗಿ ಕೂರುವುದೂ ಇಲ್ಲ. ಎರಡಡಿ ಆಳದ ಕಪಾಟಿನ ಹಿಂಬದಿಯಲ್ಲಿ ಮರೆತುಹೋದ ಬೇಳೆಗೆ ಹುಳ ಹಿಡಿದ ಮೇಲೆಯೇ ಅದು ಕಣ್ಣಿಗೆ ಬೀಳುವುದು.

ಈಗ ಗ್ಯಾಸ್ ಒಲೆ. ಕಿಟಕಿ ಕೆಳಗೆ ಖಂಡಿತ ಬೇಡ. ಗಾಳಿಗೆ ಉರಿ ಓಲಾಡಿ ಅನಿಲ ವ್ಯರ್ಥವಾಗುತ್ತದೆ, ಕೆಲವೊಮ್ಮೆ ಉರಿ ಆರಿ ಅನಿಲ ಮಾತ್ರ ಹರಿಯುತ್ತಿರುತ್ತದೆ. ಚಿಮಣಿ ತೂಗಲು ಗೋಡೆಯೂ ಇರುವುದಿಲ್ಲ. ಮೂಲೆಗೆ ಒತ್ತಿ ಇಟ್ಟರೆ ಬಾಣಲೆಯ ಹಿಡಿ ಗೋಡೆಗೆ ತಾಗುತ್ತದೆ. ಪೂರ್ವ ಗೋಡೆಯಲ್ಲಿ, ದಕ್ಷಿಣ ಗೋಡೆಯಿಂದ 54 ಇಂಚಿಗೆ ಒಲೆಯ ನಡುಮಧ್ಯ ಬರಲಿ. 30 ಇಂಚಿನ ಒಲೆ 39ರಿಂದ 69ನೇ ಇಂಚಿನವರೆಗೆ ಕೂರುತ್ತದೆ, ಬಲಕ್ಕೆ ದಕ್ಷಿಣದ ಕಟ್ಟೆಯವರೆಗೆ 15 ಇಂಚು, ಎಡಕ್ಕೆ 39 ಇಂಚು ಇಳಿಸಿಡುವ ಜಾಗ ಸಿಗುತ್ತದೆ. ಕಿಟಕಿಯನ್ನು ಉತ್ತರಕ್ಕೆ ಸರಿಸಿ 74ರಿಂದ 104ನೇ ಇಂಚಿನವರೆಗೆ ಎರಡೂವರೆ ಅಡಿ ಅಗಲಕ್ಕೆ ಇಳಿಸಿ. ಕಳೆದುಕೊಂಡ ಬೆಳಕಿಗೆ ಮಾಡಿನಲ್ಲಿ ಎರಡು ಮೂರು ಗಾಜಿನ ಹೆಂಚು ಹೊದೆಸಿ. ಅತ್ತೆಯವರ ಮಾತಿಗೂ ಇದರಿಂದ ಭಂಗವಿಲ್ಲ: ಒಲೆ ಆಗ್ನೇಯದ ಕೋಣೆಯಲ್ಲೇ ಇದೆ, ಅಡುಗೆ ಮಾಡುವವರ ಮುಖ ಪೂರ್ವಕ್ಕೇ ಇದೆ. ಮುಂಗಾರಿನ ಗಾಳಿ ನಮಗೆ ಪಶ್ಚಿಮ ಮತ್ತು ನೈರುತ್ಯದಿಂದ ಬೀಸುವುದರಿಂದ ಚಿಮಣಿಯ ಬಾಯಿ ಪೂರ್ವಕ್ಕೆ ಇರುವುದೇ ಸರಿ. ಪಶ್ಚಿಮಕ್ಕಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೊಗೆಯನ್ನು ಒಳಕ್ಕೇ ದೂಡುತ್ತದೆ, ಎರಚಲು ನೀರೂ ಪೈಪಿನೊಳಗೆ ಬರುತ್ತದೆ.

ಚಿಮಣಿ ಒಲೆಯಷ್ಟಾದರೂ ಅಗಲವಿರಲಿ. 30 ಇಂಚಿನ ಒಲೆಗೆ 36 ಇಂಚಿನದು ಉತ್ತಮ. ಬರ್ನರ್‌ನಿಂದ 26ರಿಂದ 30 ಇಂಚು ಮೇಲೆ ತೂಗಿಸಿ. ಪೈಪು 6 ಇಂಚಿನದೇ ಆಗಬೇಕು. 4 ಇಂಚಿಗೆ ಕಿರಿದು ಮಾಡಿದರೆ ಸದ್ದು ಹೆಚ್ಚುತ್ತದೆ, ಹೊಗೆ ಎಳೆಯುವುದು ಕಡಿಮೆಯಾಗುತ್ತದೆ. ಹೆಂಚು ತೂತು ಮಾಡಿ ಮೇಲಕ್ಕೆ ಒಯ್ಯಬೇಡಿ, ಆ ತೂತು ಒಂದಲ್ಲ ಒಂದು ಮಳೆಗಾಲದಲ್ಲಿ ಸೋರಿಯೇ ಸೋರುತ್ತದೆ. ಸೂರಿನ ಕೆಳಗೆ ಪೂರ್ವ ಗೋಡೆಯಿಂದ ಒಂದೇ ತಿರುವಿನಲ್ಲಿ ಹೊರಗೆ ಬಿಡಿ, ಗೋಡೆ ಕಟ್ಟುವಾಗಲೇ ಅದಕ್ಕೆ ಪೈಪಿನ ತುಂಡು ಹೂಳಿಸಿ.

ಸಿಂಕ್ ದಕ್ಷಿಣದ ಕಿಟಕಿ ಕೆಳಗೆ ಬರಲಿ, ಪೂರ್ವ ಗೋಡೆಯಿಂದ 66 ಇಂಚಿಗೆ ಅದರ ನಡುಮಧ್ಯ. 24 ಇಂಚು ಅಗಲದ ಸಿಂಕ್ ಇಟ್ಟರೂ ಮೂಲೆಯ ಕಡೆ ಹೆಚ್ಚಲು, ಕಲಸಲು 30 ಇಂಚು ಉಳಿಯುತ್ತದೆ. ಕಟ್ಟೆಯನ್ನು ಹಿತ್ತಲ ಬಾಗಿಲಿನ ಚೌಕಟ್ಟಿಗೆ 6 ಇಂಚು ಮೊದಲೇ ನಿಲ್ಲಿಸಿ. ಇಲ್ಲವಾದರೆ ಸೌದೆ, ಬಾಳೆಗೊನೆ ಹೊತ್ತು ಬರುವವರ ಸೊಂಟಕ್ಕೆ ಕಲ್ಲಿನ ಮೂಲೆ ತಾಗುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿ ಇದೆ. ಸಿಂಕ್ ಹಿಂದಿನ ಕೊಕ್ಕರೆ ಕತ್ತಿನ ನಲ್ಲಿ ಕಟ್ಟೆಯಿಂದ 12ರಿಂದ 14 ಇಂಚು ಎತ್ತರಕ್ಕೆ ನಿಲ್ಲುತ್ತದೆ. ಕಿಟಕಿಯ ರೆಕ್ಕೆ ಒಳಕ್ಕೆ ತೆರೆಯುವಂಥದ್ದಾದರೆ ನಲ್ಲಿಗೆ ಬಡಿಯುತ್ತದೆ, ಆಮೇಲೆ ಆ ಕಿಟಕಿ ತೆರೆಯುವುದೇ ಇಲ್ಲ. ರೆಕ್ಕೆ ಹೊರಕ್ಕೆ ತೆರೆಯಬೇಕು ಅಥವಾ ಜಾರುಕಿಟಕಿ ಇರಬೇಕು. ಹೊರಕ್ಕೆ ತೆರೆಯುವುದಾದರೆ ಸೂರು ಗೋಡೆಯಿಂದ ಮೂರಡಿಯಾದರೂ ಚಾಚಿರಲಿ. ಕಿಟಕಿಯ ತಳ ಕಟ್ಟೆಗಿಂತ 9 ಇಂಚು ಮೇಲಿರಲಿ, ತಳದ ಕಲ್ಲು ಹೊರಕ್ಕೆ ಅರ್ಧ ಇಂಚು ಇಳಿಜಾರಾಗಿರಲಿ.

ಸಿಂಕ್ ಕೊಳ್ಳಲು ಹೋಗುವಾಗ ದಿನಬಳಕೆಯ ದೊಡ್ಡ ತಪ್ಪಲೆಯನ್ನು ಜೊತೆಗೆ ಒಯ್ಯಿರಿ. 24 ಇಂಚಿಗೆ 18 ಇಂಚು, 9 ಇಂಚು ಆಳದ ಸಿಂಕಿನಲ್ಲಿ ಅದು ಅಡ್ಡ ಮಲಗಿ ತಿರುಗಬೇಕು. ಹಬ್ಬ, ತಿಥಿಗಳ ಕೊಪ್ಪರಿಗೆ ಯಾವ ಸಿಂಕಿಗೂ ಹಿಡಿಯುವುದಿಲ್ಲ. ಅದಕ್ಕೆ ಹಿತ್ತಲ ಜಗಲಿಯಲ್ಲಿ 3 ಅಡಿ ಚೌಕದ, 4 ಇಂಚು ಅಂಚಿನ ಪಾತ್ರೆ ತೊಳೆಯುವ ಕಟ್ಟೆ ಬೇರೆಯೇ ಮಾಡಿಸಿ. ಬೂದಿ, ತೆಂಗಿನ ನಾರು ಅಲ್ಲಿಗೇ ಇರಲಿ. ಸಿಂಕಿನ ಪೈಪಿನಲ್ಲಿ ಬೂದಿಯೂ ಜಿಡ್ಡೂ ಸೇರಿ ಗಟ್ಟಿಯಾದರೆ ಬಿಸಿನೀರಿಗೂ ಕರಗುವುದಿಲ್ಲ. ಸಿಂಕಿನ ಪೈಪು 2 ಇಂಚಿನದು, ಪ್ರತಿ ಅಡಿಗೆ ಕಾಲು ಇಂಚು ಇಳಿಜಾರು. ಸಿಂಕಿನ ಕೆಳಗೆ ನೀರು ನಿಲ್ಲುವ ಟ್ರ್ಯಾಪ್ ಇರಲೇಬೇಕು. ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಕೊಳವೆಯನ್ನು ನೇರವಾಗಿ ಗೋಡೆಯ ತೂತಿಗೆ ತುರುಕಿ ಹೋಗುವುದು ಸಾಮಾನ್ಯ. ವಾಸನೆ, ಜಿರಳೆ ಒಳಗೆ ಬರುವುದೂ, ಇಲಿ ಕಡಿಯುವುದೂ ಅಲ್ಲೇ. ಹೊರಗೆ ಬಾಳೆ, ಕೆಸುವಿನ ಬುಡಕ್ಕೆ ನೀರು ಬಿಡುವುದಾದರೆ ಪೈಪಿನ ಬಾಯಿಗೆ ಜಾಲರಿ ಹಾಕಿ, ಅದಕ್ಕೂ ಮೊದಲು ಅನ್ನದ ಅಗುಳು ತಡೆಯುವ ಸಣ್ಣ ತೊಟ್ಟಿ ಮಾಡಿಸಿ.

ಫ್ರಿಜ್ ವಾಯವ್ಯ ಮೂಲೆಯಲ್ಲೇ ಇರಬಹುದು, ಪಶ್ಚಿಮ ಗೋಡೆಗೆ ಬೆನ್ನು ಮಾಡಿ. ಆದರೆ ಗೋಡೆಗೆ ಒತ್ತಿದರೆ ತೊಂದರೆ ಇದೆ. ಹೆಚ್ಚಿನ ಫ್ರಿಜ್‌ಗಳ ಕೀಲು ಬಲಗಡೆಗೆ ಇರುತ್ತದೆ, ನಿಮ್ಮ ಮೂಲೆಯಲ್ಲಿ ಬಲಗಡೆ ಬರುವುದು ಉತ್ತರ ಗೋಡೆ. ತರಕಾರಿ ಡಬ್ಬಿ ಹೊರಗೆ ಬರಬೇಕಾದರೆ ಬಾಗಿಲು 90 ಡಿಗ್ರಿಗಿಂತ ತುಸು ಹೆಚ್ಚೇ ತೆರೆಯಬೇಕು. ಹಾಗಾಗಿ ಉತ್ತರ ಗೋಡೆಯಿಂದ 5 ಇಂಚು, ಹಿಂದೆ 2 ಇಂಚು ಬಿಡಿ. ತೆರೆದ ಬಾಗಿಲು ಉತ್ತರ ಗೋಡೆಯ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಆದ್ದರಿಂದ ಡಬ್ಬಿ ಕಪಾಟು ಪಶ್ಚಿಮ ಗೋಡೆಯಿಂದ 60 ಇಂಚು ಬಿಟ್ಟು ಶುರುವಾಗಲಿ. ಅಲ್ಲಿಂದ ಪೂರ್ವದ ಕಟ್ಟೆಯವರೆಗೆ ನಿಮಗೆ ಸರಿಯಾಗಿ 5 ಅಡಿ ಕಪಾಟು ಸಿಗುತ್ತದೆ. ನಕ್ಷೆಯಲ್ಲಿ ಇಡೀ ಗೋಡೆಗೆ ಕಟ್ಟೆ ಎಳೆದವರು ಫ್ರಿಜ್ ಬಾಗಿಲನ್ನು ತೆರೆದು ನೋಡಿರಲಿಲ್ಲ.

ಹೀಗೆ ಇಟ್ಟರೆ ಒಲೆಯಿಂದ ಸಿಂಕಿಗೆ ನಾಲ್ಕೂಕಾಲು ಅಡಿ, ಸಿಂಕಿನಿಂದ ಫ್ರಿಜ್‌ಗೆ ಆರೂಮುಕ್ಕಾಲು, ಫ್ರಿಜ್‌ನಿಂದ ಒಲೆಗೆ 8 ಅಡಿ, ಒಟ್ಟು 19. ಈ ಮೂರರ ತ್ರಿಕೋನದ ಲೆಕ್ಕ 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು. ಒಂದೊಂದು ಬದಿ 4ರಿಂದ 9 ಅಡಿ, ಒಟ್ಟು 26 ಅಡಿ ಮೀರಬಾರದು ಎಂಬುದು ಅದರ ಸಾರ. ನಿಮ್ಮದು ಅದರೊಳಗೇ ಇದೆ.

ಉಳಿದ ಒಂದು ಸತ್ತ ಮೂಲೆ ಆಗ್ನೇಯದ್ದು. ತಿರುಗುವ ತಟ್ಟೆಯ ಕಪಾಟು ಹಾಕಬಹುದು, ಆದರೆ ತೇವಕ್ಕೆ ಅದರ ಬೇರಿಂಗ್ ಹಿಡಿದುಕೊಳ್ಳುತ್ತದೆ, ಬೆಲೆಯೂ ಜಾಸ್ತಿ. ಎರಡೂ ಹೊರಗೋಡೆಗಳಾದ್ದರಿಂದ ನಿಮಗೆ ಇನ್ನೊಂದು ದಾರಿ ಇದೆ: ಆ ಮೂಲೆಯನ್ನು ಒಳಗಿನಿಂದ ಕಲ್ಲು-ಗಾರೆಯಲ್ಲಿ ಪೂರ್ತಿ ಮುಚ್ಚಿ, ಪೂರ್ವದ ಹೊರಗಡೆಯಿಂದ ಬಾಗಿಲಿಟ್ಟು ಸಿಲಿಂಡರ್ ಗೂಡು ಮಾಡಿ. 14.2 ಕಿಲೋ ಸಿಲಿಂಡರ್‌ಗೆ 15 ಇಂಚು ಅಗಲ, ರೆಗ್ಯುಲೇಟರ್ ಸೇರಿ 29 ಇಂಚು ಎತ್ತರ ಸಾಕು. ತುಂಬಿದ ಸಿಲಿಂಡರ್ 30 ಕಿಲೋ ಹತ್ತಿರ ತೂಗುತ್ತದೆ, ಅದನ್ನು ಅಡುಗೆಮನೆಯ ಟೈಲ್ಸ್ ಮೇಲೆ ಎಳೆದಾಡುವ ಕಷ್ಟ ತಪ್ಪುತ್ತದೆ. ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಗೂಡಿನ ಬಾಗಿಲಿಗೆ ತಳದಲ್ಲೂ ಜಾಲರಿ ಬೇಕು, ಗೂಡಿನ ನೆಲ ಹೊರಗಿನ ಅಂಗಳಕ್ಕಿಂತ ಮೇಲಿರಬೇಕು, ಹತ್ತಿರ ಚರಂಡಿಯ ಬಾಯಿ, ಸ್ವಿಚ್, ಬೆಂಕಿ ಇರಬಾರದು. ಗೋಡೆ ದಾಟಲು ರಬ್ಬರ್ ಕೊಳವೆ ಉಪಯೋಗಿಸಬೇಡಿ, ತಾಮ್ರದ ಪೈಪು ಬೇಕು. ಒಲೆಯ ಬಳಿಯ ಸುರಕ್ಷಾ ಕೊಳವೆ ಒಂದೂವರೆ ಮೀಟರ್ ಮೀರದಿರಲಿ, 5 ವರ್ಷಕ್ಕೊಮ್ಮೆ ಬದಲಿಸಿ. ನಿಮ್ಮ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಬಂದು ನೋಡಿ ಒಪ್ಪಿದ ಮೇಲೆಯೇ ಗೂಡು ಕಟ್ಟಿಸಿ.

ಕಟ್ಟೆಯ ಎತ್ತರವನ್ನು ಮೇಸ್ತ್ರಿಯ ರೂಢಿಗೆ ಬಿಡಬೇಡಿ. ಚಪ್ಪಲಿ ಇಲ್ಲದೆ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ನಿಮ್ಮ ಎತ್ತರಕ್ಕೆ ಅದು ಸುಮಾರು 38 ಇಂಚು ಬರುತ್ತದೆ. ಅದರಲ್ಲಿ 5 ಇಂಚು ಕಳೆದರೆ 33. ಹೆಚ್ಚುವ, ಕಲಸುವ ಕಟ್ಟೆ ಅಷ್ಟಿರಲಿ. ಒಲೆ ತಾನೇ 4-5 ಇಂಚು ಎತ್ತರವಿರುವುದರಿಂದ ಒಲೆ ಇಡುವಷ್ಟು ಭಾಗವನ್ನು 3 ಇಂಚು ತಗ್ಗಿಸಿ 30ಕ್ಕೆ ಇಳಿಸಿ. ಇಲ್ಲವಾದರೆ ದೊಡ್ಡ ಪಾತ್ರೆಯಲ್ಲಿ ಸಾರು ತಿರುವುವಾಗ ಭುಜ ಎತ್ತಿಯೇ ಇರಬೇಕಾಗುತ್ತದೆ, ಸಂಜೆಗೆ ಹೆಗಲು ನೋಯುತ್ತದೆ. ಕಟ್ಟೆಯ ಬುಡದಲ್ಲಿ 4 ಇಂಚು ಎತ್ತರ, 3 ಇಂಚು ಆಳಕ್ಕೆ ಕಾಲ್ಬೆರಳು ಹೋಗುವ ಜಾಗ ಬಿಡಿಸುವುದನ್ನು ಮರೆಯಬೇಡಿ, ಅದಿಲ್ಲದಿದ್ದರೆ ಬೆನ್ನು ಬಗ್ಗಿಸಿಯೇ ನಿಲ್ಲಬೇಕು.

ಸೌದೆ ಒಲೆಯನ್ನು ಈ ಕೋಣೆಯೊಳಗೆ ತರಬೇಡಿ. ಚಿಮಣಿಯ ಫ್ಯಾನ್ ಗಾಳಿಯನ್ನು ಹೊರಗೆಳೆದಾಗ ಸೌದೆ ಒಲೆಯ ಹೊಗೆ ತನ್ನ ಕೊಳವೆಯಲ್ಲಿ ಮೇಲೇರುವ ಬದಲು ಕೋಣೆಗೇ ಇಳಿಯುತ್ತದೆ. ಹಿತ್ತಲ ಜಗಲಿಯ ಪಶ್ಚಿಮ ತುದಿಯಲ್ಲಿ, ಸಿಲಿಂಡರ್ ಗೂಡಿನಿಂದ ದೂರದಲ್ಲಿ ಹಾಕಿಸಿ. ಎರಚಲು ತಡೆಯಲು ಪಶ್ಚಿಮಕ್ಕೆ ಸೂರಿನವರೆಗೆ ಗೋಡೆ ಎಬ್ಬಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯ ಮಾದರಿಯಾದರೆ ಒಂದೇ ಉರಿಗೆ ಮೂರು ಪಾತ್ರೆ ಕೂರುತ್ತವೆ, ಹೊಗೆ ಕೊಳವೆಯಲ್ಲಿ ಹೋಗುತ್ತದೆ. ಕೊಳವೆ ಹತ್ತಿರದ ಹೆಂಚಿಗಿಂತ 2 ಅಡಿ ಮೇಲೇಳಬೇಕು, ತಲೆಗೆ ಟೋಪಿ ಬೇಕು. ಮಳೆಗಾಲದ ಹಸಿ ಸೌದೆಗೆ ಕೊಳವೆಯೊಳಗೆ ಮಸಿ ಬೇಗ ಕಟ್ಟುತ್ತದೆ, ತಿಂಗಳಿಗೊಮ್ಮೆ ಬಡಿದು ತೆಗೆಯಬೇಕು. ಒಲೆಯ ಮೇಲೆ ಅಟ್ಟ ಕಟ್ಟಿಸಿದರೆ ವಾಟೆಹುಳಿ, ಮುರುಗಲ ಸಿಪ್ಪೆ, ಸಂಡಿಗೆ ಬೂಷ್ಟು ಹಿಡಿಯದೆ ಉಳಿಯುತ್ತವೆ. ಅತ್ತೆಯವರು ಸೌದೆ ಒಲೆ ಬೇಕೆನ್ನುವುದರಲ್ಲಿ ಈ ವಿವೇಕವೂ ಇದೆ, ಅದನ್ನು ಕಳೆದುಕೊಳ್ಳಬೇಡಿ.

ಇನ್ನು ಉಬ್ಬಿದ ಪ್ಲೈವುಡ್ಡಿನ ವಿಷಯ. ಪ್ಲೈವುಡ್ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ. ಮುಖಕ್ಕೆ ಲ್ಯಾಮಿನೇಟ್ ಅಂಟಿಸಿ ಹೊಳಪು ಮಾಡಿರುತ್ತಾರೆ. ಸಿಂಕಿನ ಕೆಳಗೆ ಪೈಪಿಗೆ ಕೊರೆದ ತೂತು, ಕೀಲಿಗೆ ಕೊರೆದ 35 ಮಿ.ಮೀ. ಗುಂಡಿ, ನೆಲಕ್ಕೆ ತಾಗುವ ಬುಡ, ಗೋಡೆಗೆ ಒತ್ತಿದ ಬೆನ್ನು ಬರಿದಾಗಿಯೇ ಇರುತ್ತವೆ. ನೆಲ ಸಾರಿಸಿದ ನೀರು, ಗೋಡೆಯ ಶೀತ, ಮೂರು ತಿಂಗಳು ಆರದ ಗಾಳಿ ಎಲ್ಲವೂ ಅಲ್ಲಿಂದ ಒಳಹೋಗುತ್ತವೆ. ಬಯಲುಸೀಮೆಗೆ ಹೊಂದುವ ಪೆಟ್ಟಿಗೆಯನ್ನೇ ತಂದು ಹೊಸನಗರದಲ್ಲಿ ಕೂರಿಸಿದರೆ ಹೀಗೇ ಆಗುವುದು.

ಆದ್ದರಿಂದ ಕೆಳಗಿನ ಕಪಾಟಿಗೆ ಪ್ಲೈವುಡ್ ಪೆಟ್ಟಿಗೆಯೇ ಬೇಡ. ಎರಡರಿಂದ ಎರಡೂವರೆ ಅಡಿಗೊಂದರಂತೆ ಕಡಪ ಅಥವಾ ಗ್ರಾನೈಟ್ ಕಲ್ಲನ್ನು ನಿಲ್ಲಿಸಿ, ಅದರ ಮೇಲೆ ಕಟ್ಟೆಯ ಕಲ್ಲು ಹಾಸಿ. ಒಳಗಿನ ಹಲಗೆಯೂ ಕಲ್ಲಿನದೇ ಇರಲಿ. ಗೆದ್ದಲಿಗೂ ಅಲ್ಲಿ ಕೆಲಸವಿಲ್ಲ. ಮುಂದಿನ ಬಾಗಿಲಿಗೆ ಮಾತ್ರ ಅಲ್ಯೂಮಿನಿಯಂ ಚೌಕಟ್ಟು ಅಥವಾ 18 ಮಿ.ಮೀ. ಪ್ಲೈವುಡ್. ಪ್ಲೈವುಡ್ ಆದರೆ ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ, ಐಎಸ್‌ಐ ಗುರುತು ನೋಡಿ ಕೊಳ್ಳಿ. ಈ ದರ್ಜೆಯ ಪರೀಕ್ಷೆಯಲ್ಲಿ ಅದನ್ನು 72 ಗಂಟೆ ಕುದಿಸುತ್ತಾರೆ. ಐಎಸ್ 303ರ ಎಂಆರ್ ದರ್ಜೆ, ಅಂದರೆ ತೇವವನ್ನು ತುಸು ಮಾತ್ರ ತಡೆಯುವಂಥದ್ದು, ಒಣ ಕೋಣೆಗಳಿಗೆ ಸರಿ, ಇಲ್ಲಿಗಲ್ಲ. ಮರದ ನಾರು, ಚೂರು ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಅಂತೂ ಹತ್ತಿರ ಸುಳಿಯಬಾರದು. ಅನುಮಾನವಿದ್ದರೆ ಅಂಗೈ ಅಗಲದ ತುಂಡು ತಂದು ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಒಂದು ದಿನ ಮುಳುಗಿಸಿಡಿ. ಪದರ ಬಿಟ್ಟರೆ ವಾಪಸು ಕೊಡಿ. ಎರಡೂ ಮುಖಕ್ಕೆ ಲ್ಯಾಮಿನೇಟ್ ಬೇಕು, ಒಂದೇ ಕಡೆ ಅಂಟಿಸಿದ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ನಾಲ್ಕೂ ಅಂಚಿಗೆ 2 ಮಿ.ಮೀ. ಪಟ್ಟಿ, ಕೀಲಿನ ಗುಂಡಿಯೊಳಗೆ ಎರಡು ಕೈ ವಾರ್ನಿಷ್. ಇದನ್ನು ನೀವೇ ಎದುರು ನಿಂತು ಮಾಡಿಸಬೇಕು, ಬಾಗಿಲು ಕೂರಿಸಿದ ಮೇಲೆ ಕಾಣುವುದಿಲ್ಲ. ಕೀಲು, ಬುಟ್ಟಿ, ಡ್ರಾಯರ್ ತಂತಿ 304 ದರ್ಜೆಯ ಸ್ಟೀಲಿನದೆಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಕಟ್ಟೆಯ ಕಲ್ಲು ಬಾಗಿಲಿಗಿಂತ ಒಂದು ಇಂಚು ಮುಂದಿರಲಿ. ಕಲ್ಲಿನ ಅಡಿಭಾಗದಲ್ಲಿ, ಅಂಚಿನಿಂದ ಅರ್ಧ ಇಂಚು ಹಿಂದೆ, ಉದ್ದಕ್ಕೂ ಒಂದು ಗೀರು ಕೊರೆಸಿ. ಚೆಲ್ಲಿದ ನೀರು ಕಲ್ಲಿನ ಅಡಿಗೆ ಹರಿದು ಬಾಗಿಲಿನ ತಲೆಗೆ ಇಳಿಯುವ ಬದಲು ಆ ಗೀರಿನಲ್ಲೇ ತೊಟ್ಟಿಕ್ಕುತ್ತದೆ. ಕಲ್ಲು ಕೊಯ್ಯುವ ಯಂತ್ರದಲ್ಲಿ ಅರ್ಧ ಗಂಟೆಯ ಕೆಲಸ, ಬಾಗಿಲುಗಳ ಆಯಸ್ಸನ್ನು ಇಷ್ಟು ಹೆಚ್ಚಿಸುವ ಬೇರೆ ಉಪಾಯವಿಲ್ಲ.

ಮೇಲಿನ ಕಪಾಟುಗಳಿಗೆ ಪ್ಲೈವುಡ್ ಆಗಬಹುದು. ಆಳ 12 ಇಂಚು, ಕಟ್ಟೆಯಿಂದ 22 ಇಂಚು ಮೇಲೆ. ಗೋಡೆಗೆ ಒತ್ತದೆ ಅರ್ಧ ಇಂಚು ರೀಪು ಕೊಟ್ಟು ಗಾಳಿ ಆಡುವಂತೆ ತೂಗಿಸಿ. ಜಂಬಿಟ್ಟಿಗೆ ಕಲ್ಲಿನಲ್ಲಿ ರಂಧ್ರಗಳು ಬಹಳ, ಪ್ಲಾಸ್ಟಿಕ್ ಗುಲ್ಲಿ ಹಾಕಿ ಬಿಗಿದ ಸ್ಕ್ರೂ ನಾಲ್ಕು ಪಾತ್ರೆ ಇಟ್ಟಾಗ ನಿಲ್ಲುತ್ತದೆ, ನಲವತ್ತು ಇಟ್ಟಾಗ ಸಡಿಲವಾಗುತ್ತದೆ. ಗೋಡೆ ಕಟ್ಟುವಾಗಲೇ ಕಪಾಟು ತೂಗುವ ಎತ್ತರದಲ್ಲಿ 4 ಇಂಚಿನ ಕಾಂಕ್ರೀಟ್ ಪಟ್ಟಿ ಹಾಕಿಸಿ, ಸ್ಕ್ರೂ ಅದಕ್ಕೇ ಹೋಗಲಿ. ಪಾಯದ ಮೇಲೆ, ಗೋಡೆಯ ಮೊದಲ ಸಾಲಿಗೂ ಮುಂಚೆ, ಜಲನಿರೋಧಕ ಬೆರೆಸಿದ ಒಂದೂವರೆ ಇಂಚು ಕಾಂಕ್ರೀಟ್ ಪದರವೂ ಇರಲೇಬೇಕು. ಅದಿಲ್ಲದೆ ನೆಲದ ಶೀತ ಗೋಡೆ ಹತ್ತುವುದನ್ನು ಆಮೇಲೆ ಯಾವ ಬಣ್ಣವೂ ತಡೆಯದು.

ವಿದ್ಯುತ್ತಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಕಟ್ಟೆಯಿಂದ 8 ಇಂಚು ಮೇಲೆ, ನಲ್ಲಿಯಿಂದ ಎರಡಡಿ ದೂರದಲ್ಲಿ ಸಾಕೆಟ್. ಮಿಕ್ಸಿಗೆ 6 ಆಂಪಿಯರ್, ಓವನ್‌ಗೆ 4 ಚದರ ಮಿ.ಮೀ. ತಂತಿಯ 16 ಆಂಪಿಯರ್. ಫ್ರಿಜ್‌ನ ಸಾಕೆಟ್ ಅದರ ಬೆನ್ನಹಿಂದೆ ಬೇಡ, ಗುಡುಗು ಬಂದಾಗ ಕೀಳಲು ಕೈಗೆ ಸಿಗುವಂತೆ ಪಕ್ಕದಲ್ಲಿರಲಿ. ವಿದ್ಯುತ್ ಸೋರಿದರೆ ತಾನೇ ಕಡಿತ ಮಾಡುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ.

ಬಾಗಿಲು, ಡ್ರಾಯರ್‌ಗಳಿಗೆ ಆರ್ಡರ್ ಕೊಡುವುದು ಗಾರೆ, ಟೈಲ್ಸ್, ಕಟ್ಟೆ ಕಲ್ಲು ಎಲ್ಲ ಮುಗಿದ ಮೇಲೆ. ಮೂಲೆ ನೇರವಿದೆಯೇ ಎಂದು ಮೊದಲು ನೋಡಿ: ಒಂದು ಗೋಡೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತಿಸಿದರೆ ಎರಡರ ನಡುವೆ ಸರಿಯಾಗಿ 5 ಅಡಿ ಬರಬೇಕು. ಅಗಲವನ್ನು ನೆಲದಲ್ಲಿ, ಕಟ್ಟೆಯ ಮಟ್ಟದಲ್ಲಿ, ತಲೆಯ ಮಟ್ಟದಲ್ಲಿ ಮೂರು ಕಡೆ ಅಳೆದು, ಕಡಿಮೆ ಬಂದದ್ದನ್ನೇ ಹಿಡಿಯಿರಿ. ಮೂಲೆಯ ಎರಡೂ ಬದಿಯಲ್ಲಿ 2-3 ಇಂಚಿನ ತುಂಬುಪಟ್ಟಿ ಬಿಡಿಸಿ, ಇಲ್ಲವಾದರೆ ಒಂದು ಡ್ರಾಯರ್ ಎಳೆದಾಗ ಪಕ್ಕದ ಬಾಗಿಲಿನ ಹಿಡಿಗೆ ಸಿಕ್ಕಿಕೊಳ್ಳುತ್ತದೆ.

ಉಗ್ರಾಣಕ್ಕೆ ಹಲಸು ಅಥವಾ ಸಾಗುವಾನಿಯ ಮರದ ಬಾಗಿಲು ಮಾಡಿಸುವ ಆಲೋಚನೆ ಇದ್ದರೆ, ಏಪ್ರಿಲ್‌ನಲ್ಲಿ ಬಡಗಿ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂರಿಸಿದ ಬಾಗಿಲು ಜುಲೈಯಲ್ಲಿ ಖಂಡಿತ ಹಿಡಿದುಕೊಳ್ಳುತ್ತದೆ ಎಂದು ಮೊದಲೇ ತಿಳಿಸಿ. ಸುತ್ತ 3 ಮಿ.ಮೀ. ಸಂದಿ ಬಿಡಲಿ. ಮೊದಲ ಮಳೆಗಾಲದ ನಡುವೆ ಒಮ್ಮೆ ಕಪಾಟಿನ ಕೀಲುಗಳ ಸ್ಕ್ರೂ ತಿರುಗಿಸಿ ಬಾಗಿಲುಗಳನ್ನು ಮಟ್ಟ ಮಾಡಿಕೊಡಬೇಕೆಂದು ಕೆಲಸ ಒಪ್ಪಿಸುವಾಗಲೇ ಮಾತಾಡಿಕೊಳ್ಳಿ, ಕೊನೆಯ ಕಂತಿನ ಸ್ವಲ್ಪ ಹಣವನ್ನು ಅಲ್ಲಿಯವರೆಗೆ ಉಳಿಸಿಕೊಳ್ಳಿ.